ಅಂಗೈ ಹುಣ್ಣಿಗೂ ಕನ್ನಡಿ ಬೇಕು
ಸೇವೆಯ ಫಲವನ್ನು ದಾನಿಗಳಿಗೆ ತೋರಿಸುವ ಬಗೆ

"ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?" ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಹುಣ್ಣು ನಮ್ಮ ಅಂಗೈಯಲ್ಲೇ ಇದ್ದರೆ ಬೇಡ, ನಿಜ. ಆದರೆ ಆ ಹುಣ್ಣು ಗುಡ್ಡದಾಚೆಯ ಮನೆಯಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದವರೊಬ್ಬರ ಬೆನ್ನಿನಲ್ಲಿದ್ದು, ಅದಕ್ಕೆ ಮುಲಾಮು, ಹತ್ತಿ, ನೀರುಹಾಸಿಗೆ ಕೊಡಿಸುವ ದಾನಿ ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರದಲ್ಲೋ ಇದ್ದರೆ? ಆಗ ಕನ್ನಡಿ ಬೇಕೇ ಬೇಕು. ಕೊಟ್ಟ ಹಣ ಎಲ್ಲಿಗೆ ಹೋಯಿತು, ಅದರಿಂದ ಯಾರ ನೋವು ಎಷ್ಟು ಇಳಿಯಿತು ಎಂದು ಆ ದಾನಿಗೆ ಕಾಣುವಂತೆ ಮಾಡುವವರು ಯಾರು?

ನಮ್ಮ ಗಡಿನಾಡಿನಲ್ಲಿ ಆರೋಗ್ಯ ಸೇವೆಯ ಸಣ್ಣಪುಟ್ಟ ಸಂಘಗಳಿಗೆ ಕೊರತೆಯಿಲ್ಲ. ರೋಗಿಗಳ ಮನೆಗೆ ಭೇಟಿ ಕೊಡುವವರಿದ್ದಾರೆ, ರಕ್ತದಾನ ಶಿಬಿರ ನಡೆಸುವವರಿದ್ದಾರೆ, ಬಿ.ಪಿ., ಸಕ್ಕರೆ ಕಾಯಿಲೆ ತಪಾಸಣೆ ಮಾಡಿಸುವವರಿದ್ದಾರೆ. ಕೆಲಸ ಮಾಡುವ ಕೈಗಳಿಗೆ ವರದಿ ಬರೆಯುವುದೆಂದರೆ ಬೇಸರ. ವರ್ಷದ ಕೊನೆಗೆ ನಾಲ್ಕು ಪುಟ ತುಂಬ ಅಂಕಿಗಳನ್ನು ಜೋಡಿಸಿ, ಕೊನೆಯಲ್ಲಿ ಗುಂಪಿನ ಫೋಟೋ ಅಂಟಿಸಿ ಕಳುಹಿಸಿಬಿಡುತ್ತೇವೆ. ಅದನ್ನು ಓದುವವರು ವಿರಳ. ಓದಿದವರಿಗೂ ನೆನಪಿನಲ್ಲಿ ಉಳಿಯುವುದು ಫೋಟೋ ಮಾತ್ರ. ಮರುವರ್ಷ ದೇಣಿಗೆ ಕಡಿಮೆಯಾದಾಗ "ಜನರಲ್ಲಿ ದಾನಬುದ್ಧಿ ಕುಂದಿತು" ಎಂದು ನಿಟ್ಟುಸಿರು ಬಿಡುತ್ತೇವೆ.

ಅಂಕಿಗಳನ್ನು ಕಣ್ಣಿಗೆ ಕಾಣುವ ಚಿತ್ರವಾಗಿಸುವ ವಿದ್ಯೆಗೆ ಇಂದು ಮಾಹಿತಿ ವಿನ್ಯಾಸ ಎಂಬ ಹೆಸರಿದೆ. ಹೆಸರು ಹೊಸದಾದರೂ ವಿದ್ಯೆ ಹಳೆಯದು. ಅದು ಪಟ್ಟಣದ ದೊಡ್ಡ ಸಂಸ್ಥೆಗಳಿಗೆ ಮಾತ್ರ ಸೇರಿದ್ದೆಂಬ ಅಂಜಿಕೆ ಬೇಡ. ಒಂದು ಹಾಳೆ, ಒಂದು ಅಡಿಕೋಲು, ಎರಡು ಬಣ್ಣದ ಪೆನ್ಸಿಲು ಇದ್ದರೆ ಸಾಕು. ಆದರೆ ಜೊತೆಗೆ ಪ್ರಾಮಾಣಿಕತೆಯೂ ಬೇಕು. ಅದು ಅಂಗಡಿಯಲ್ಲಿ ಸಿಗುವುದಿಲ್ಲ.

ದೀಪದ ಮಹಿಳೆಯ ಇನ್ನೊಂದು ಮುಖ

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ಕೈಯಲ್ಲಿ ದೀಪ ಹಿಡಿದು ಗಾಯಾಳುಗಳ ನಡುವೆ ಸುತ್ತುವ ದಾದಿಯ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಆಕೆ ಲೆಕ್ಕದಲ್ಲಿಯೂ ಪಳಗಿದವರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರ ನವೆಂಬರದಲ್ಲಿ, 38 ಮಂದಿ ದಾದಿಯರೊಡನೆ ಆಕೆ ತುರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದರು. ಅಲ್ಲಿ ಸಾಯುತ್ತಿದ್ದ ಬ್ರಿಟಿಷ್ ಸೈನಿಕರಲ್ಲಿ ಹೆಚ್ಚಿನವರು ಗುಂಡೇಟಿನಿಂದ ಸಾಯುತ್ತಿರಲಿಲ್ಲ. ಹೊಲಸು, ಕೊಳಚೆ ನೀರು, ಬೇಧಿ, ಜ್ವರ ಇವೇ ಅವರನ್ನು ಕೊಲ್ಲುತ್ತಿದ್ದವು. 1855ರ ಜನವರಿ ಒಂದೇ ತಿಂಗಳಲ್ಲಿ ಸೇನೆಯಲ್ಲಿ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರು 2,761 ಮಂದಿ. ಗಾಯಗಳಿಂದ ಸತ್ತವರು 83. ಇತರ ಕಾರಣಗಳಿಂದ 324.

ಊರಿಗೆ ಮರಳಿದ ಮೇಲೆ ಈ ಲೆಕ್ಕವನ್ನು ಸರಕಾರದ ಮುಂದೆ ಇಡಬೇಕಿತ್ತು. ಹಣ ಮಂಜೂರು ಮಾಡುವ ಮಂತ್ರಿಗಳಿಗೆ ಅಂಕಿಪಟ್ಟಿಗಳನ್ನು ಓದುವ ತಾಳ್ಮೆಯಿಲ್ಲವೆಂದು ಆಕೆ ಬಲ್ಲವರಾಗಿದ್ದರು. ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರ ನೆರವಿನೊಂದಿಗೆ 1858ರಲ್ಲಿ ಆಕೆ ಒಂದು ಚಿತ್ರ ರಚಿಸಿದರು. ತಿಂಗಳಿಗೊಂದು ಎಸಳಿನಂತೆ ವರ್ಷಕ್ಕೊಂದು ಹೂವು. ಎಸಳಿನ ನೀಲಿ ಭಾಗ ತಡೆಯಬಹುದಾಗಿದ್ದ ರೋಗ, ಕೆಂಪು ಗಾಯ, ಕಪ್ಪು ಉಳಿದ ಕಾರಣಗಳು. ಮೊದಲ ವರ್ಷದ ಹೂವಿನಲ್ಲಿ ನೀಲಿ ಎಸಳುಗಳು ದೈತ್ಯಾಕಾರವಾಗಿ ಚಾಚಿಕೊಂಡಿವೆ. ಮರುವರ್ಷದ ಹೂವಿನಲ್ಲಿ ಅವು ಮುದುಡಿವೆ. ನಡುವೆ ಏನೋ ಆಯಿತು ಎಂಬುದು ಓದುಬರಹ ಬಾರದವನಿಗೂ ತಿಳಿಯುತ್ತದೆ.

ಆದದ್ದೇನು? 1855ರ ಮಾರ್ಚಿನಲ್ಲಿ ನೈರ್ಮಲ್ಯ ಆಯೋಗವೊಂದು ಬಂದು ಆಸ್ಪತ್ರೆಯ ಚರಂಡಿಗಳನ್ನು ಶುಚಿಗೊಳಿಸಿತು, ಗಾಳಿ ಆಡುವಂತೆ ಮಾಡಿತು. ಆಸ್ಪತ್ರೆಯ ಸಾವಿನ ಪ್ರಮಾಣ ಫೆಬ್ರವರಿಯಲ್ಲಿ ನೂರಕ್ಕೆ 42ರ ಮೇಲಿದ್ದದ್ದು ಜೂನ್ ವೇಳೆಗೆ 2ರ ಆಸುಪಾಸಿಗೆ ಇಳಿಯಿತು. ಇಲ್ಲಿ ನಾವು ಮೆಚ್ಚಬೇಕಾದ ವಿಷಯವೊಂದಿದೆ. ದೇಶವೆಲ್ಲ ಆಕೆಯನ್ನು ಹೊಗಳುತ್ತಿದ್ದಾಗ, ಆಕೆಯ ಚಿತ್ರ ಆಕೆಯ ಹೊಗಳಿಕೆಗೆ ಮೀಸಲಾಗಲಿಲ್ಲ. ಕೊಂದದ್ದು ಹೊಲಸು, ಉಳಿಸಿದ್ದು ಶುಚಿತ್ವ ಎಂದು ಅದು ಸಾರಿತು. ಆಕೆಯ ಹೆಸರಿನಲ್ಲಿ ಜನರು ಕೂಡಿಸಿದ 44,000 ಪೌಂಡಿನಷ್ಟು ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ಮುಂದೆ ಆಕೆಯ ದೃಷ್ಟಿ ನಮ್ಮ ದೇಶದತ್ತಲೂ ಹರಿಯಿತು. ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ಆರೋಗ್ಯವನ್ನು ಪರಿಶೀಲಿಸಿದ ರಾಜ ಆಯೋಗದ 1863ರ ವರದಿಯ ಹಿಂದೆ ಆಕೆಯ ಶ್ರಮವಿತ್ತು. ಸಾವಿರಕ್ಕೆ 69 ಮಂದಿ ಸೈನಿಕರು ವರ್ಷಂಪ್ರತಿ ಸಾಯುತ್ತಿದ್ದಾರೆಂದು ಆ ವರದಿ ತೋರಿಸಿತು.

ಲೆಕ್ಕ ಹುಟ್ಟುವುದು ಮನೆಬಾಗಿಲಲ್ಲಿ

ಚಿತ್ರ ಬಿಡಿಸುವ ಮೊದಲು ಲೆಕ್ಕ ಬೇಕು, ಲೆಕ್ಕಕ್ಕೆ ಮನೆ ಮನೆ ತಿರುಗಬೇಕು. ಅದೇ 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಎಂಬಲ್ಲಿ ಕಾಲರಾ ಬಂದು ಕೆಲವೇ ವಾರಗಳಲ್ಲಿ 600ಕ್ಕೂ ಮಿಕ್ಕಿ ಜನರು ತೀರಿಕೊಂಡರು. ವೈದ್ಯ ಜಾನ್ ಸ್ನೋ ಆ ಪೇಟೆಯ ನಕ್ಷೆಯಲ್ಲಿ ಸತ್ತವರೊಬ್ಬರಿಗೆ ಒಂದರಂತೆ ಅವರ ಮನೆಯ ಬಳಿ ಕಪ್ಪು ಗೆರೆ ಎಳೆದರು. ಗೆರೆಗಳೆಲ್ಲ ಒಂದು ನೀರಿನ ಪಂಪಿನ ಸುತ್ತ ಗುಂಪುಗೂಡಿದವು. ಅಲ್ಲಿನ ಚರ್ಚಿನ ಕಿರಿಯ ಪಾದ್ರಿ ಹೆನ್ರಿ ವೈಟ್‌ಹೆಡ್ ಮೊದಲು ಇದನ್ನು ನಂಬಲಿಲ್ಲ. ಸುಳ್ಳೆಂದು ತೋರಿಸಲೆಂದೇ ಅವರು ತಮಗೆ ಪರಿಚಯವಿದ್ದ ಮನೆಗಳಿಗೆ ಹೋಗಿ ಯಾರು ಎಲ್ಲಿಯ ನೀರು ಕುಡಿದರೆಂದು ವಿಚಾರಿಸತೊಡಗಿದರು. ವಿಚಾರಿಸಿದಷ್ಟೂ ಸ್ನೋ ಅವರ ಮಾತೇ ನಿಜವಾಯಿತು. ಪಂಪಿನ ಹತ್ತಿರದ ಮನೆಯ ಮಗುವೊಂದರ ಬೇಧಿಯಿಂದ ರೋಗ ನೀರಿಗೆ ಸೇರಿರಬೇಕೆಂದು ಪತ್ತೆಹಚ್ಚಿದವರೂ ಅವರೇ.

ನಮ್ಮ ವಾಳೆಗಳ ಗುರಿಕಾರರೂ ಆಶಾ ಕಾರ್ಯಕರ್ತೆಯರೂ ಕುಟುಂಬಶ್ರೀಯ ಅಕ್ಕಂದಿರೂ ಇದನ್ನು ಗಮನಿಸಬೇಕು. ಯಾವ ಮನೆಯ ಬಾವಿ ಬೇಸಗೆಗೆ ಬತ್ತುತ್ತದೆ, ಯಾವ ಮನೆಯ ಅಜ್ಜಿ ಮಾತ್ರೆ ಬಿಟ್ಟಿದ್ದಾರೆ ಎಂಬುದು ನಿಮಗೆ ಗೊತ್ತಿರುವಷ್ಟು ಯಾವ ಕಚೇರಿಗೂ ಗೊತ್ತಿಲ್ಲ. ನಿಮ್ಮ ನೋಟುಪುಸ್ತಕವೇ ಚಿತ್ರದ ಬೇರು.

ನೆಟ್ಟ ಸಸಿಯೋ, ಫಲ ಕೊಟ್ಟ ಮರವೋ?

ಒಬ್ಬ ಕೃಷಿಕ ತಾನು ನೂರು ಅಡಿಕೆ ಸಸಿ ನೆಟ್ಟೆನೆಂದರೆ ನಾವು ಸಂತೋಷಪಡುತ್ತೇವೆ. ಆದರೆ ಏಳೆಂಟು ವರ್ಷದ ಮೇಲೆ ಕೇಳುವ ಪ್ರಶ್ನೆಯೇ ಬೇರೆ: ಎಷ್ಟು ಮರ ಫಲ ಕೊಡುತ್ತಿವೆ? ಆರೋಗ್ಯ ಸೇವೆಯ ವರದಿಗಳಲ್ಲಿ ಹೆಚ್ಚಿನವು ನೆಟ್ಟ ಸಸಿಯ ಲೆಕ್ಕ ಕೊಟ್ಟು ಮುಗಿದುಬಿಡುತ್ತವೆ. "ಇಷ್ಟು ಶಿಬಿರ, ಇಷ್ಟು ಕರಪತ್ರ, ಇಷ್ಟು ಮಾತ್ರೆ."

ಆಫ್ರಿಕದ ಹಲವು ದೇಶಗಳಲ್ಲಿ ಮಲೇರಿಯಾ ತಡೆಯಲು ಸೊಳ್ಳೆಪರದೆ ಕೊಡುವ ಅಗೇನ್‌ಸ್ಟ್ ಮಲೇರಿಯಾ ಫೌಂಡೇಶನ್ ಎಂಬ ಧರ್ಮಾರ್ಥ ಸಂಸ್ಥೆಯಿದೆ. ಅದು ಪರದೆ ಹಂಚಿದ್ದನ್ನು ತೋರಿಸಿ ಸುಮ್ಮನಾಗುವುದಿಲ್ಲ. ಹಂಚಿದ ಬಳಿಕ ಕೆಲವು ಮನೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಅಲ್ಲಿಗೆ ಜನ ಕಳುಹಿಸಿ, ಪರದೆ ಇನ್ನೂ ಹಾಸಿಗೆಯ ಮೇಲೆ ಕಟ್ಟಿದೆಯೇ ಎಂದು ನೋಡಿಸುತ್ತದೆ. ಪೆಟ್ಟಿಗೆಯಲ್ಲಿ ಮಡಚಿಟ್ಟ ಪರದೆ ಸೊಳ್ಳೆಯನ್ನು ತಡೆಯದು ತಾನೇ?

ಇದನ್ನು ನಮ್ಮ ಊರಿಗೆ ಅನ್ವಯಿಸೋಣ. ಉದಾಹರಣೆಗೆಂದು ಒಂದು ಕಲ್ಪಿತ ಲೆಕ್ಕ ಇಟ್ಟುಕೊಳ್ಳಿ. ಸಂಘವೊಂದು 400 ಮಂದಿಯ ಬಿ.ಪಿ. ಪರೀಕ್ಷಿಸಿತು. 100 ಮಂದಿಗೆ ಒತ್ತಡ ಹೆಚ್ಚಿತ್ತು. ಅವರಲ್ಲಿ 60 ಮಂದಿ ವೈದ್ಯರ ಬಳಿ ಹೋಗಿ ಔಷಧ ಆರಂಭಿಸಿದರು. ಆರು ತಿಂಗಳ ಬಳಿಕ 35 ಮಂದಿಯ ಒತ್ತಡ ಹತೋಟಿಯಲ್ಲಿತ್ತು. ಈ ನಾಲ್ಕು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ನಾಲ್ಕು ಕಂಬಗಳಾಗಿ ಬರೆಯಿರಿ. ಇಳಿಯುವ ಮೆಟ್ಟಿಲಿನಂತೆ ಕಾಣುತ್ತದೆ.

"ಇದನ್ನು ತೋರಿಸಿದರೆ ದಾನಿ ಓಡಿಹೋಗುವುದಿಲ್ಲವೇ? 400ನ್ನೇ ದಪ್ಪಕ್ಷರದಲ್ಲಿ ಬರೆಯೋಣ" ಎನ್ನುವವರಿದ್ದಾರೆ. ತುಸು ಯೋಚಿಸಿ. 400 ಎಂದು ಬರೆದರೆ ದಾನಿಗೆ ಮುಂದೆ ಮಾಡಲು ಏನೂ ಉಳಿಯುವುದಿಲ್ಲ. ಕೆಲಸ ಮುಗಿಯಿತೆಂದೇ ತೋರುತ್ತದೆ. ಮೆಟ್ಟಿಲನ್ನು ತೋರಿಸಿದರೆ 100 ಮತ್ತು 60ರ ನಡುವಿನ 40 ಮಂದಿ ಕಾಣುತ್ತಾರೆ. ಅವರೇಕೆ ಔಷಧಕ್ಕೆ ಹೋಗಲಿಲ್ಲ? ಬಸ್ಸಿನ ಖರ್ಚೇ? ಕೂಲಿ ತಪ್ಪುವ ಭಯವೇ? ಲಕ್ವ ಹೊಡೆಯುವ ಅಪಾಯ ಇರುವುದು ಅವರಿಗೇ. ಹಣ ಎಲ್ಲಿಗೆ ಬೇಕೆಂದು ಆ ಖಾಲಿ ಜಾಗವೇ ಹೇಳುತ್ತದೆ.

ತೆಂಗಿನಕಾಯಿಯ ಸುಳ್ಳು

ಚಿತ್ರವೂ ಸುಳ್ಳು ಹೇಳಬಲ್ಲದು. ಕಳೆದ ವರ್ಷ 1,000 ಕಾಯಿ, ಈ ವರ್ಷ 2,000 ಕಾಯಿ ಎಂದು ತೋರಿಸಲು ಒಬ್ಬರು ಒಂದು ತೆಂಗಿನಕಾಯಿಯನ್ನೂ ಅದರ ಪಕ್ಕದಲ್ಲಿ ಎರಡು ಪಟ್ಟು ಎತ್ತರದ ಇನ್ನೊಂದನ್ನೂ ಬರೆದರೆನ್ನಿ. ಎತ್ತರ ಇಮ್ಮಡಿಯಾದಾಗ ಅಗಲವೂ ಇಮ್ಮಡಿಯಾಗುತ್ತದೆ. ಹಾಳೆಯಲ್ಲಿ ಅದು ನಾಲ್ಕು ಪಟ್ಟು ಜಾಗ ಹಿಡಿದು, ಕಣ್ಣಿಗೆ ನಾಲ್ಕು ಪಟ್ಟಾಗಿಯೇ ಕಾಣುತ್ತದೆ. ನೈಟಿಂಗೇಲ್ ಅವರ ಮೊದಲ ಚಿತ್ರವೊಂದರಲ್ಲಿಯೂ ಇಂಥ ತೊಡಕಿತ್ತು. ಅಲ್ಲಿ ಕೇಂದ್ರದಿಂದ ಅಳೆದ ಉದ್ದವೇ ಸಾವಿನ ಪ್ರಮಾಣವಾಗಿತ್ತು. ಎಸಳಿನ ಚಿತ್ರದಲ್ಲಿ ಆಕೆ ವಿಸ್ತೀರ್ಣವೇ ಪ್ರಮಾಣವಾಗುವಂತೆ ತಿದ್ದಿದರು.

ಆಸ್ಟ್ರಿಯದ ವಿಯೆನ್ನಾದಲ್ಲಿ 1925ರಲ್ಲಿ ಸಾಮಾನ್ಯ ಜನರಿಗಾಗಿ ಅಂಕಿಅಂಶಗಳ ವಸ್ತುಸಂಗ್ರಹಾಲಯ ತೆರೆದ ಒಟ್ಟೊ ನಾಯ್ರಾಟ್ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಸಂಖ್ಯೆ ಹೆಚ್ಚಾದರೆ ಗುರುತನ್ನು ದೊಡ್ಡದು ಮಾಡಬೇಡಿ, ಅದೇ ಅಳತೆಯ ಗುರುತುಗಳನ್ನು ಹೆಚ್ಚಿಸಿ. ಒಂದು ಕಾಯಿಯ ಚಿತ್ರಕ್ಕೆ ನೂರು ಕಾಯಿ ಎಂದಿಟ್ಟುಕೊಂಡರೆ ಮೊದಲ ಸಾಲಿನಲ್ಲಿ ಹತ್ತು, ಎರಡನೆಯ ಸಾಲಿನಲ್ಲಿ ಇಪ್ಪತ್ತು. ಮಕ್ಕಳೂ ಎಣಿಸಿ ನೋಡಬಹುದು.

ಇನ್ನೊಂದು ಮೋಸ ಕಂಬದ ಬುಡದಲ್ಲಿದೆ. 90ರಿಂದ 95ಕ್ಕೆ ಏರಿದ್ದನ್ನು ತೋರಿಸುವಾಗ ಕಂಬವನ್ನು ಸೊನ್ನೆಯ ಬದಲು 88ರಿಂದ ಆರಂಭಿಸಿದರೆ ಎರಡನೆಯ ಕಂಬ ಮೊದಲನೆಯದರ ಮೂರೂವರೆ ಪಟ್ಟು ಕಾಣುತ್ತದೆ. ಕಂಬವೆಂದ ಮೇಲೆ ಬುಡ ನೆಲದಲ್ಲಿರಬೇಕು. ನೆಲವೆಂದರೆ ಸೊನ್ನೆ.

ಫಲ ಯಾರದು?

ಈ ಸಲ ತೋಟದಲ್ಲಿ ಕೊಳೆರೋಗ ಕಡಿಮೆಯಾಯಿತೆನ್ನೋಣ. ಸಮಯಕ್ಕೆ ಸರಿಯಾಗಿ ಹೊಡೆದ ಬೋರ್ಡೋ ದ್ರಾವಣದಿಂದಲೋ, ಮಳೆಯೇ ಕಡಿಮೆ ಬಿದ್ದದ್ದರಿಂದಲೋ? ಮದ್ದು ಹೊಡೆಯದ ಪಕ್ಕದ ತೋಟವನ್ನೂ ನೋಡದೆ ಹೇಳಲಾಗದು. ಅಲ್ಲಿಯೂ ರೋಗ ಕಡಿಮೆಯಾಗಿದ್ದರೆ ಪುಣ್ಯ ಮಳೆಗೂ ಸಲ್ಲಬೇಕು. ಹಾಗೆಯೇ ಊರಿನಲ್ಲಿ ಡೆಂಗೀ ಇಳಿದರೆ ಸಂಘದ ಸ್ವಚ್ಛತಾ ಕಾರ್ಯಕ್ರಮದ ಜೊತೆಗೆ ಪಂಚಾಯತು, ಆರೋಗ್ಯ ಕೇಂದ್ರ, ಹವಾಮಾನ ಇವುಗಳ ಪಾಲೂ ಇರುತ್ತದೆ. "ನಮ್ಮಿಂದಲೇ" ಎನ್ನುವುದಕ್ಕಿಂತ "ನಾವೂ ಕೈಜೋಡಿಸಿದೆವು" ಎನ್ನುವ ವರದಿಯನ್ನು ತಿಳಿದ ದಾನಿ ಹೆಚ್ಚು ನಂಬುತ್ತಾನೆ.

ಇದಕ್ಕೆ ದೊಡ್ಡ ನಿದರ್ಶನ ನಾರುಹುಣ್ಣು. ಕೆರೆ, ಮೆಟ್ಟಿಲುಬಾವಿಗಳ ನೀರಿನಿಂದ ದೇಹ ಸೇರಿ, ಕಾಲಿನಿಂದ ಉದ್ದನೆಯ ಹುಳವಾಗಿ ಹೊರಬರುತ್ತಿದ್ದ ಈ ರೋಗ ಕರ್ನಾಟಕದ ಹಳ್ಳಿಗಳನ್ನೂ ಕಾಡಿತ್ತು. ಭಾರತದಲ್ಲಿ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ನಮ್ಮ ದೇಶ ಇದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ದಂಪತಿ ಸ್ಥಾಪಿಸಿದ ಕಾರ್ಟರ್ ಸೆಂಟರ್ 1986ರಿಂದ ಜಗತ್ತಿನಾದ್ಯಂತ ಇದರ ನಿರ್ಮೂಲನಕ್ಕೆ ಮುಂದಾಳಾಗಿ ದುಡಿಯುತ್ತಿದೆ. ಆಗ ವರ್ಷಕ್ಕೆ ಸುಮಾರು 35 ಲಕ್ಷ ರೋಗಿಗಳಿದ್ದರು; 2023ರಲ್ಲಿ ಇಡೀ ಲೋಕದಲ್ಲಿ ಕಂಡವರು 14 ಮಂದಿ. ದಾನಿಗೆ ತೋರಿಸಲು ಇದಕ್ಕಿಂತ ಸುಂದರವಾದ ಇಳಿಜಾರು ಬೇಕೆ? ಆದರೆ 2012ರಿಂದ ಚಾಡ್ ದೇಶದ ನಾಯಿಗಳಲ್ಲಿಯೂ ಇದೇ ಹುಳ ಕಂಡುಬಂತು. ಆ ಸಂಸ್ಥೆ ಮನುಷ್ಯರ ಲೆಕ್ಕದ ಜೊತೆಗೆ ಪ್ರಾಣಿಗಳ ಲೆಕ್ಕವನ್ನೂ ವರ್ಷವರ್ಷವೂ ಪ್ರಕಟಿಸುತ್ತಿದೆ. 14ರ ಪಕ್ಕದಲ್ಲಿ ನೂರಾರು ಪ್ರಾಣಿಗಳ ಸಂಖ್ಯೆ ನಿಂತಾಗ ಚಿತ್ರದ ಅಂದ ಕೆಡುತ್ತದೆ. ಆದರೂ ಕೊನೆಯ ಹೆಜ್ಜೆಗೆ ಹಣ ಏಕೆ ಬೇಕೆಂದು ಅರ್ಥವಾಗುವುದು ಅದರಿಂದಲೇ.

ಸಾವು ತಪ್ಪದ ಕಡೆ ಏನನ್ನು ತೋರಿಸೋಣ?

ನಮ್ಮ ಕೇರಳದಲ್ಲಿ ಪಾಲಿಯೇಟಿವ್ ಕೇರ್ ಎಂಬ ಸಾಂತ್ವನ ಚಿಕಿತ್ಸೆ ಮನೆಮಾತಾಗಿದೆ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಆರಂಭಿಸಿದ ಈ ಸೇವೆ, ಊರ ಜನರ ಸಣ್ಣ ಸಣ್ಣ ದೇಣಿಗೆ ಮತ್ತು ಸ್ವಯಂಸೇವಕರ ಬಲದಿಂದ ಹಳ್ಳಿಹಳ್ಳಿಗೂ ಹಬ್ಬಿತು. 2008ರಲ್ಲಿ ಕೇರಳ ಸರಕಾರ ಇದಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು.

ಇಲ್ಲಿ ದಾನಿಗೆ ಏನನ್ನು ತೋರಿಸುವುದು? ರೋಗಿಗಳಲ್ಲಿ ಅನೇಕರು ತೀರಿಕೊಳ್ಳುತ್ತಾರೆ. "ಇಷ್ಟು ಮಂದಿ ಗುಣವಾದರು" ಎಂಬ ಕಂಬ ಬರೆಯಲಾಗದು. ಹಾಗೆಂದು ಸೇವೆ ಸೋತಿತೆ? ಖಂಡಿತ ಇಲ್ಲ. ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆಯುವ ಕ್ರಮ ವೈದ್ಯರಲ್ಲಿದೆ. ಮೊದಲ ಭೇಟಿಯಲ್ಲಿ ರೋಗಿ ಹೇಳಿದ ಅಂಕಿಯನ್ನೂ ಒಂದು ವಾರದ ಬಳಿಕ ಹೇಳಿದ ಅಂಕಿಯನ್ನೂ ಎರಡು ಚುಕ್ಕೆಗಳಾಗಿಟ್ಟು ನಡುವೆ ಗೆರೆ ಎಳೆಯಿರಿ. ಒಬ್ಬೊಬ್ಬರಿಗೂ ಒಂದೊಂದು ಗೆರೆ. ಹೆಚ್ಚಿನ ಗೆರೆಗಳು ಕೆಳಗಿಳಿದಿದ್ದರೆ ಸೇವೆ ಫಲಿಸಿದೆ. ಕರೆ ಬಂದ ಮೇಲೆ ಎಷ್ಟು ದಿನಕ್ಕೆ ಮನೆಗೆ ತಲುಪಿದಿರಿ, ವರ್ಷದಲ್ಲಿ ಎಷ್ಟು ದಿನ ಮಾರ್ಫಿನ್ ದಾಸ್ತಾನು ಇರಲಿಲ್ಲ ಎಂಬುದನ್ನೂ ಬರೆಯಿರಿ. ಮಾರ್ಫಿನ್ ಇಲ್ಲದ ಒಂದು ದಿನವೆಂದರೆ ಕ್ಯಾನ್ಸರ್ ರೋಗಿಗೆ ಎಂಥ ರಾತ್ರಿ ಎಂಬುದನ್ನು ದಾನಿಗೆ ವಿವರಿಸಿ ಹೇಳಬೇಕಾಗಿಲ್ಲ.

ಮುಖವನ್ನು ಮಾರಬಾರದು

ಕಾಸರಗೋಡಿನವರಿಗೆ ಇದನ್ನು ಹೇಳುವ ಅಗತ್ಯವಿಲ್ಲವಾದರೂ ಹೇಳುತ್ತೇವೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಾಲದ ಬಳಿಕ, ನರಳುವ ಮಕ್ಕಳ ಫೋಟೋಗಳು ಲೋಕವಿಡೀ ಸುತ್ತಿದವು. ಅವು ಜನರ ಮನ ಕಲಕಿದ್ದು ನಿಜ. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಆ ವಿಷದ ತಯಾರಿ, ಮಾರಾಟ, ಬಳಕೆಗೆ ತಡೆಯಾಜ್ಞೆ ಕೊಟ್ಟಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಆದರೆ ಪರಿಹಾರದ ಬಾಗಿಲಲ್ಲಿ ಕೇಳಿದ್ದು ಫೋಟೋ ಅಲ್ಲ, ಪಟ್ಟಿ. ಪಟ್ಟಿಯಲ್ಲಿ ಹೆಸರು ಸೇರಿಸಲು ತಾಯಂದಿರು ವರ್ಷಗಟ್ಟಲೆ ಹೋರಾಡಬೇಕಾಯಿತು. ಚಿತ್ರ ಕರುಣೆಯನ್ನು ಎಬ್ಬಿಸುತ್ತದೆ. ನ್ಯಾಯಕ್ಕೆ ಲೆಕ್ಕ ಬೇಕು.

ಆದುದರಿಂದ ರೋಗಿಯ ಮುಖವನ್ನು ವರದಿಯ ಅಲಂಕಾರವನ್ನಾಗಿ ಮಾಡಬಾರದು. ಅವರು ಮನಸಾರೆ ಒಪ್ಪಿದರೆ ಮಾತ್ರ ಫೋಟೋ. ಸಣ್ಣ ಸಂಖ್ಯೆಗಳ ಬಗ್ಗೆಯೂ ಎಚ್ಚರ ಬೇಕು. "ಇಂಥ ವಾಳೆಯಲ್ಲಿ ಕ್ಷಯ: ಒಬ್ಬರು" ಎಂದು ನಕ್ಷೆಯಲ್ಲಿ ಚುಕ್ಕೆ ಇಟ್ಟರೆ ಹೆಸರು ಬರೆಯದಿದ್ದರೂ ಊರಿಗೆಲ್ಲ ತಿಳಿಯುತ್ತದೆ. ಆ ಮನೆಯ ಮಗಳ ಮದುವೆ ಮಾತುಕತೆ ಮುರಿದುಬಿದ್ದರೆ ಯಾರು ಹೊಣೆ? ಅಂಥಲ್ಲಿ ನಾಲ್ಕಾರು ವಾಳೆಗಳನ್ನು ಕೂಡಿಸಿ ಒಂದೇ ಸಂಖ್ಯೆ ಕೊಡಿ.

ಕೇಳುವವರ ಹಕ್ಕು

ಇಂದು ದಾನಿ ಕೇಳುವುದು ಕುತೂಹಲದಿಂದ ಮಾತ್ರವಲ್ಲ. 2014ರ ಏಪ್ರಿಲಿನಿಂದ ದೊಡ್ಡ ಕಂಪೆನಿಗಳು ತಮ್ಮ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂಬ ಕಾನೂನಿದೆ. ಅವರು ಲೆಕ್ಕ ಒಪ್ಪಿಸಬೇಕಾದವರು. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳು 2020ರ ತಿದ್ದುಪಡಿಯಂತೆ ಆಡಳಿತ ವೆಚ್ಚಕ್ಕೆ ಅದರ ನೂರಕ್ಕೆ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ. ಹಾಗಾಗಿ ನೂರು ರೂಪಾಯಿಯಲ್ಲಿ ಔಷಧಕ್ಕೆಷ್ಟು, ವಾಹನಕ್ಕೆಷ್ಟು, ಸಂಬಳಕ್ಕೆಷ್ಟು ಎಂದು ಹತ್ತು ನಾಣ್ಯಗಳ ಸಾಲಾಗಿ ತೋರಿಸಿ. ದಾದಿಯ ಸಂಬಳವನ್ನು ಬಚ್ಚಿಡಬೇಡಿ. ಆಕೆಯಿಲ್ಲದೆ ಸೇವೆಯೇ ಇಲ್ಲ.

ವರದಿ ಒಂದೇ ಪುಟದ್ದಾಗಿರಲಿ. ಮೇಲ್ಗಡೆ ಒಂದು ವಾಕ್ಯ: ಈ ವರ್ಷ ನಾವು ಏನನ್ನು ಬದಲಿಸಲು ಹೊರಟೆವು. ನಡುವೆ ಒಂದೇ ಒಂದು ಮುಖ್ಯ ಚಿತ್ರ, ಎರಡೇ ಬಣ್ಣ, ಪ್ರತಿ ಸಂಖ್ಯೆಯ ಜೊತೆಗೆ "ಎಷ್ಟು ಮಂದಿಯಲ್ಲಿ" ಎಂಬ ಮಾತು. ಅದರ ಕೆಳಗೆ ಹಣದ ಲೆಕ್ಕ. ಕೊನೆಯಲ್ಲಿ, ಆಗದೆ ಉಳಿದದ್ದು ಏನು, ಅದಕ್ಕೆ ಏನು ಬೇಕು.

ಹಾಗೆ ಸಿದ್ಧವಾದ ಹಾಳೆಯನ್ನು ದಾನಿಗೆ ಕಳುಹಿಸುವ ಮೊದಲು ಸೇವೆ ಪಡೆದ ಒಂದೆರಡು ಮನೆಗಳಿಗೆ ಒಯ್ಯಿರಿ. ಜಗಲಿಯಲ್ಲಿ ಕುಳಿತು ಅವರ ಮುಂದೆ ಬಿಚ್ಚಿ ತೋರಿಸಿ. "ಹೌದು, ಹೀಗೇ ಆಯಿತು" ಎಂದು ಅವರು ತಲೆಯಾಡಿಸಿದರೆ ಲಕೋಟೆಗೆ ಹಾಕಿ. ತಲೆಯಾಡಿಸದಿದ್ದರೆ ಮತ್ತೆ ಬರೆಯಿರಿ.